ಪೊಲೀಸ್ ಹೊಡೆತ, ನಮ್ಮ ಭಯ, ಅಪರಾಧ ತಡೆ: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಸಂಘದ ಸಭೆ ಮುಗಿದ ಮೇಲೆ ಚಹಾ ಕುಡಿಯುವಾಗ, ಹೋಟೆಲಿನ ಗಲ್ಲಾದ ಪಕ್ಕ, ಡೊಂಬಿವಲಿ ಲೋಕಲ್‌ನಲ್ಲಿ, ಊರಿನ ವಾಟ್ಸಾಪ್ ಗುಂಪುಗಳಲ್ಲಿ, ಆಗಾಗ ಬರುವ ಪತ್ರಗಳಲ್ಲಿ ಸುತ್ತಿ ಸುತ್ತಿ ಬರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ, ಬೈಗುಳ ಮಾತ್ರ ತೆಗೆದಿದ್ದೇನೆ. ಇನ್ನೊಂದು ವಿಷಯ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ, ಐಪಿಸಿ ಹೋಗಿ ಬಿಎನ್‌ಎಸ್‌ಎಸ್, ಬಿಎನ್‌ಎಸ್ ಬಂದಿವೆ. ಬಂಧನ, ತನಿಖೆ, ವಿಚಾರಣೆ ಹೇಗೆ ನಡೆಯಬೇಕು ಎಂದು ಹೇಳುವುದು ಬಿಎನ್‌ಎಸ್‌ಎಸ್, ಯಾವುದು ಅಪರಾಧ, ಎಷ್ಟು ಶಿಕ್ಷೆ ಎಂದು ಹೇಳುವುದು ಬಿಎನ್‌ಎಸ್. ಇಲ್ಲಿರುವ ಕಲಮುಗಳು ಹೊಸ ಕಾನೂನಿನವು. ಕೇಸು ಮೈಮೇಲೆ ಬಂದಿದ್ದರೆ ಇದನ್ನು ಓದುತ್ತಾ ಕೂರಬೇಡಿ, ವಕೀಲರನ್ನು ಹುಡುಕಿ. ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಅದು ಉಚಿತ ಕಾನೂನು ನೆರವಿನ ಸಂಖ್ಯೆ.

## ಮೊದಲಿಗೆ ಎಲ್ಲರೂ ಕೇಳುವವು

ಪೊಲೀಸರು ಹೊಡೀಬಹುದಾ? ಹೌದಾ ಇಲ್ವಾ, ಒಂದೇ ಮಾತಿನಲ್ಲಿ ಹೇಳಿ.

ಇಲ್ಲ. ಹಿಡಿಯಲು ಹೋದಾಗ ಆಸಾಮಿ ತಿರುಗಿಬಿದ್ದರೆ ಅಥವಾ ಓಡಿದರೆ, ಅವನನ್ನು ತಡೆಯಲು ಎಷ್ಟು ಬೇಕೋ ಅಷ್ಟು ಬಲ ಬಳಸಬಹುದು. ಗಲಭೆಗೆ ಇಳಿದ ಗುಂಪನ್ನು ಚದುರಿಸಲು ಲಾಠಿ ಬೀಸಬಹುದು. ಅಲ್ಲಿಗೆ ಮುಗಿಯಿತು. ಕೈಗೆ ಸಿಕ್ಕಿ ಠಾಣೆಯ ಬೆಂಚಿನ ಮೇಲೆ ಕೂತವನಿಗೆ ಒಂದು ಏಟು ಹಾಕುವ ಹಕ್ಕೂ ಯಾರಿಗೂ ಇಲ್ಲ. ತಪ್ಪೊಪ್ಪಿಸಲು ಅಥವಾ ಮಾಲು ಎಲ್ಲಿದೆ ಎಂದು ಬಾಯಿ ಬಿಡಿಸಲು ಹೊಡೆಯುವುದು ಬೇರೆಯೇ ಅಪರಾಧ. ಬಿಎನ್‌ಎಸ್ 120ನೇ ಕಲಮಿನಲ್ಲಿ ಅದಕ್ಕೆ 7 ವರ್ಷದವರೆಗೆ, ಏಟು ಗಂಭೀರವಾಗಿದ್ದರೆ 10 ವರ್ಷದವರೆಗೆ ಜೈಲಿದೆ. ಕಾಗದದ ಮೇಲೆ ಇಷ್ಟು ಗಟ್ಟಿಯಾಗಿದ್ದರೂ, ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದ ಭಾರತ ಅದನ್ನು ಇನ್ನೂ ಪೂರ್ತಿಯಾಗಿ ಒಪ್ಪಿಕೊಂಡಿಲ್ಲ, ಅದಕ್ಕಾಗಿ ಪ್ರತ್ಯೇಕ ಕಾನೂನನ್ನೂ ಮಾಡಿಲ್ಲ.

ನಾಕಾದಲ್ಲಿ ಸುಮ್ನೆ ನಿಂತಿದ್ದ ಹುಡುಗನನ್ನು ಚೌಕಿಗೆ ಕರೆದುಕೊಂಡು ಹೋದರು. ಎಷ್ಟು ಹೊತ್ತು ಕೂರಿಸಿಕೊಳ್ಳಬಹುದು?

ಬಂಧಿಸಿದ್ದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ದಾರಿಯ ಪ್ರಯಾಣದ ಹೊತ್ತು ಮಾತ್ರ ಲೆಕ್ಕಕ್ಕಿಲ್ಲ. ಇದು ಸಂವಿಧಾನದ 22ನೇ ವಿಧಿಯ ಮಾತು, ಯಾವ ಸಾಹೇಬರೂ ಬದಲಿಸಲು ಬರುವುದಿಲ್ಲ. ಬಂಧಿಸಿಲ್ಲ, "ವಿಚಾರಣೆಗೆ ಕರೆದಿದ್ದೇವೆ" ಎಂದರೆ ಅವನು ಎದ್ದು ಬರಬಹುದು ಎಂದೇ ಅರ್ಥ. ಕಷ್ಟ ಇರುವುದು ಇವೆರಡರ ನಡುವಿನ ಸಂದಿಯಲ್ಲಿ. ಡೈರಿಯಲ್ಲಿ ಬರೆಯದೆ, ಬಂಧನ ಎಂದೂ ಹೇಳದೆ ರಾತ್ರಿಯಿಡೀ ಕೂರಿಸುತ್ತಾರೆ. ಹೊಡೆತಗಳೂ ಬಹುಪಾಲು ಬೀಳುವುದು ಲೆಕ್ಕಕ್ಕೆ ಸಿಗದ ಈ ಹೊತ್ತಿನಲ್ಲೇ. ಆದ್ದರಿಂದ ಮನೆಯವರು ಹೋಗಿ ಮೊದಲು ಕೇಳಬೇಕಾದ್ದು "ಅರೆಸ್ಟ್ ಆಗಿದೆಯಾ, ಎಷ್ಟು ಗಂಟೆಗೆ?" ಎಂದು. ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಹಾಕಿದ ನಿಯಮಗಳ ಪ್ರಕಾರ ಬಂಧನದ ಮೆಮೊ ಬರೆಯಬೇಕು, ಅದಕ್ಕೆ ಮನೆಯವರದ್ದೋ ಆ ಜಾಗದ ಮರ್ಯಾದಸ್ಥರದ್ದೋ ಸಾಕ್ಷಿ ಸಹಿ ಇರಬೇಕು, ಬಂಧಿತನ ಕಡೆಯ ಒಬ್ಬರಿಗೆ ಸುದ್ದಿ ಮುಟ್ಟಿಸಬೇಕು, 48 ಗಂಟೆಗೊಮ್ಮೆ ವೈದ್ಯರ ತಪಾಸಣೆ ಆಗಬೇಕು. ಬರೀ ಸಾಕ್ಷಿ ಹೇಳಲು ಕರೆಯುವುದಾದರೆ ಹೆಂಗಸರನ್ನು, 15ರ ಒಳಗಿನ ಹುಡುಗರನ್ನು, 60 ದಾಟಿದವರನ್ನು ಠಾಣೆಗೆ ಕರೆಸುವಂತಿಲ್ಲ. ಪೊಲೀಸರೇ ಅವರ ಮನೆಗೆ ಬರಬೇಕು.

ತಪ್ಪು ಮಾಡದವನಿಗೆ ಪೊಲೀಸ್ ಭಯ ಯಾಕೆ? ನಮ್ಮವರೇ ಜಾಸ್ತಿ ಹೆದರುತ್ತಾರೆ ಅನ್ನಿಸುತ್ತೆ.

ಮುಂಬೈಯಲ್ಲಿ "ನಮ್ಮವರು" ಒಂದೇ ಥರ ಇಲ್ಲ. ಮಾಟುಂಗಾದಲ್ಲೋ ಚೆಂಬೂರಿನಲ್ಲೋ ಎರಡು ತಲೆಮಾರಿನಿಂದ ಹೋಟೆಲ್ ನಡೆಸುವ ಕರಾವಳಿಯ ಶೆಟ್ಟರಿಗೆ ಠಾಣೆಯ ಸೀನಿಯರ್ ಇನ್‌ಸ್ಪೆಕ್ಟರ್ ಹೆಸರು ಹಿಡಿದು ಗೊತ್ತು, ಗಣೇಶೋತ್ಸವದ ಬಂದೋಬಸ್ತಿಗೆ ಬಂದವರಿಗೆ ಚಹಾ ಕಳಿಸುತ್ತಾರೆ. ಅವರಿಗೆ ಪೊಲೀಸ್ ಎಂದರೆ ಕಿರಿಕಿರಿ: ರಾತ್ರಿ ಶಟರ್ ಎಷ್ಟಕ್ಕೆ ಇಳಿಯಿತು, ಲೈಸನ್ಸ್ ಎಲ್ಲಿ, ಇತ್ಯಾದಿ. ಅದೇ ಕಲಬುರಗಿ, ವಿಜಯಪುರ ಕಡೆಯಿಂದ ಬಂದು ಬೆಳಿಗ್ಗೆ ನಾಕಾದಲ್ಲಿ ಕೂಲಿಗೆ ನಿಲ್ಲುವವನಿಗೆ ಪೊಲೀಸ್ ಎಂದರೆ ಬೇರೆಯೇ. ಅವನ ಹತ್ತಿರ ಬಾಡಿಗೆ ಕರಾರು ಇಲ್ಲ, ಮರಾಠಿ ಅರ್ಧಂಬರ್ಧ, ಪರಿಚಯದ ಒಬ್ಬ ವಕೀಲ ಇಲ್ಲ. ಸೈಟಿನಲ್ಲಿ ಕೇಬಲ್ ಕಳುವಾದರೆ ಮೊದಲು ಕೂರಿಸುವುದು ಅವನನ್ನೇ. ಗೋವಾದ ಬಾಯಿನಾ, ಝುವಾರಿನಗರದ ಕನ್ನಡ ಕೂಲಿಗಳನ್ನು ಕೇಳಿ ನೋಡಿ, ಅಲ್ಲೂ ಇದೇ ಕಥೆ.

ಭಯ ಬರುವುದು ತಪ್ಪು ಮಾಡಿದ್ದರಿಂದಲ್ಲ, ತನ್ನ ಮಾತು ನಂಬುವವರು ಯಾರೂ ಇಲ್ಲ ಎಂಬುದರಿಂದ. ಒಬ್ಬನಿಗೆ ಬಿದ್ದ ಏಟು ಒಂದೇ ಖೋಲಿಯಲ್ಲಿ ಮಲಗುವ ಎಂಟು ಹತ್ತು ಜನರಿಗೆ ಅದೇ ರಾತ್ರಿ ಗೊತ್ತಾಗುತ್ತದೆ, ವಾರದೊಳಗೆ ಊರಿಗೂ ಮುಟ್ಟುತ್ತದೆ. ಅವರಲ್ಲಿ ಯಾರೂ ಮುಂದೆ ಚೌಕಿಯ ಮೆಟ್ಟಿಲು ಹತ್ತುವುದಿಲ್ಲ.

ಕಳ್ಳನಿಗೆ ನಾಲ್ಕು ಬಿಗಿದರೆ ತಪ್ಪೇನು? ಭಯ ಇದ್ದರೆ ತಾನೇ ಅಪರಾಧ ಕಡಿಮೆ ಆಗೋದು?

ಇದನ್ನು ಕೇಳದ ಸಭೆಯೇ ಇಲ್ಲ! ನಿಜ, ಭಯ ಕೆಲಸ ಮಾಡುತ್ತದೆ. ಯಾವ ಭಯ ಎನ್ನುವುದು ಪ್ರಶ್ನೆ. ಡೇನಿಯಲ್ ನೇಗಿನ್ ಥರದ ಅಪರಾಧಶಾಸ್ತ್ರಜ್ಞರು ದಶಕಗಳ ಅಧ್ಯಯನ ನೋಡಿ ಹೇಳುವುದು ಇಷ್ಟು: ಸಿಕ್ಕಿಬೀಳುವುದು ಖಂಡಿತ ಎಂಬ ಭಯ ಅಪರಾಧವನ್ನು ತಡೆಯುತ್ತದೆ, ಸಿಕ್ಕಿಬಿದ್ದ ಮೇಲೆ ಎಷ್ಟು ಜೋರಾದ ಶಿಕ್ಷೆ ಎಂಬುದು ಅಷ್ಟಾಗಿ ತಡೆಯುವುದಿಲ್ಲ. ಮೊಬೈಲ್ ಎಗರಿಸುವವನು ಲಾಠಿಯ ಬಗ್ಗೆ ಯೋಚಿಸುತ್ತಾ ಹೊರಡುವುದಿಲ್ಲ. ಸಿಕ್ಕಿಬೀಳುವುದಿಲ್ಲ ಎಂಬ ಧೈರ್ಯದಲ್ಲೇ ಹೊರಡುತ್ತಾನೆ.

ಅವನನ್ನು ಹಿಡಿಸಿಕೊಡುವವರು ಯಾರು? ಕ್ಯಾಮೆರಾ ಸ್ವಲ್ಪ ಮಟ್ಟಿಗೆ. ಉಳಿದಂತೆ ಪಾನ್ ಅಂಗಡಿಯವನು, ರಿಕ್ಷಾದವನು, ಚಾಳಿನ ಮೂಲೆಯ ಮನೆಯ ಅಜ್ಜಿ, ರಾತ್ರಿ ಪಾತ್ರೆ ತೊಳೆಯುವ ಹುಡುಗ. ಈ ಜನ ಬಾಯಿ ಬಿಟ್ಟರೆ ಪೊಲೀಸರಿಗೆ ಕಣ್ಣು ಬರುತ್ತದೆ. ಇವರೇ ಠಾಣೆಗೆ ಹೆದರಿ ಸುಮ್ಮನಾದರೆ ಕಳ್ಳನಿಗೆ ಅದಕ್ಕಿಂತ ಒಳ್ಳೆಯ ರಕ್ಷಣೆ ಇನ್ನೊಂದಿಲ್ಲ. ಈ ಪುಟದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇದೇ.

## ಹೊಡೆತಕ್ಕೂ ಅಪರಾಧಕ್ಕೂ ಇರುವ ಲೆಕ್ಕ

ಹೊಡೆಯದಿದ್ದರೆ ಕಳ್ಳ ಬಾಯಿ ಬಿಡ್ತಾನಾ? ಥರ್ಡ್ ಡಿಗ್ರಿ ಇಲ್ಲದೆ ಯಾವ ಕೇಸ್ ಬಗೆಹರಿದಿದೆ?

ಬಾಯಿ ಬಿಡುತ್ತಾನೆ, ಆದರೆ ಏನು ಬಿಡುತ್ತಾನೆ? ಏಟು ನಿಲ್ಲಲು ಏನು ಬೇಕೋ ಅದನ್ನು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ ಎಂದು ಬ್ರಿಟಿಷರೇ 1872ರ ಸಾಕ್ಷ್ಯ ಕಾಯ್ದೆಯಲ್ಲಿ ಬರೆದದ್ದು ತಮ್ಮ ಪೊಲೀಸರನ್ನು ತಾವೇ ನಂಬದೆ. ಹೊಸ ಕಾನೂನಿನಲ್ಲೂ ಅದು ಉಳಿದಿದೆ. ಮಹಾರಾಷ್ಟ್ರದಲ್ಲಿ ಇದಕ್ಕೊಂದು ದೊಡ್ಡ ಅಪವಾದ ಮೋಕ್ಕಾ, ಸಂಘಟಿತ ಅಪರಾಧದ ವಿರುದ್ಧ 1999ರಲ್ಲಿ ಬಂದ ಕಾನೂನು. ಅದರಡಿ ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗುತ್ತದೆ.

ಆ ದಾರಿ ಎಲ್ಲಿಗೆ ಹೋಯಿತು ನೋಡಿ. 2006ರ ಜುಲೈ 11ರ ಸಂಜೆ ವೆಸ್ಟರ್ನ್ ಲೈನಿನ ಲೋಕಲ್‌ಗಳಲ್ಲಿ ಏಳು ಬಾಂಬ್ ಸಿಡಿದವು. 180ಕ್ಕೂ ಹೆಚ್ಚು ಜನ ಸತ್ತರು. ಬೋರಿವಲಿ, ಮೀರಾ ರೋಡ್ ಕಡೆಯ ನಮ್ಮವರಲ್ಲಿ ಆ ಸಂಜೆಯನ್ನು ಮರೆತವರಿಲ್ಲ. 2015ರಲ್ಲಿ ಮೋಕ್ಕಾ ಕೋರ್ಟ್ 12 ಜನರಿಗೆ ಶಿಕ್ಷೆ ಕೊಟ್ಟಿತು, ಐವರಿಗೆ ಗಲ್ಲು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಹನ್ನೆರಡೂ ಜನರನ್ನು ಖುಲಾಸೆ ಮಾಡಿತು. ಚಿತ್ರಹಿಂಸೆಯ ಆರೋಪಕ್ಕೆ ಹುರುಳಿದೆ, ಆ ತಪ್ಪೊಪ್ಪಿಗೆಗಳನ್ನು ನಂಬಲು ಆಗುವುದಿಲ್ಲ ಎಂದಿತು. ಈ ತೀರ್ಪನ್ನು ಬೇರೆ ಕೇಸುಗಳಿಗೆ ಮಾದರಿಯಾಗಿ ಬಳಸಬಾರದೆಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟಿದೆ, ಆದರೆ ಬಿಡುಗಡೆಯಾದವರು ಜೈಲಿಗೆ ವಾಪಸಾಗಬೇಕಿಲ್ಲ ಎಂದೂ ಹೇಳಿದೆ. ಅವರಲ್ಲೊಬ್ಬ ಅಷ್ಟರಲ್ಲಿ ಜೈಲಿನಲ್ಲೇ ಸತ್ತಿದ್ದ. 19 ವರ್ಷವಾದ ಮೇಲೆ, ಆ ಬಾಂಬ್ ಇಟ್ಟವರು ಯಾರು ಎಂದು ಸತ್ತವರ ಮನೆಯವರು ಕೇಳಿದರೆ ನಮ್ಮ ಹತ್ತಿರ ಉತ್ತರ ಇಲ್ಲ.

ಎನ್‌ಕೌಂಟರ್ ಕಾಲದಲ್ಲೇ ತಾನೇ ಮುಂಬೈ ಗ್ಯಾಂಗುಗಳು ಅಡಗಿದ್ದು? ಹೋಟೆಲಿನವರಿಗೆ ಬರುತ್ತಿದ್ದ ಧಮಕಿ ಫೋನ್ ನಿಂತಿದ್ದು?

ಹಳೆಯ ಹೋಟೆಲಿಗರು ಇದನ್ನು ಹೇಳುವಾಗ ನಾನು ಸುಲಭಕ್ಕೆ ತಳ್ಳಿಹಾಕುವುದಿಲ್ಲ. 90ರ ದಶಕದಲ್ಲಿ ಖಂಡಣಿ (ಬೆದರಿಸಿ ಕೇಳುವ ದುಡ್ಡು) ಫೋನು ಬರುತ್ತಿದ್ದದ್ದು, ಗಲ್ಲಾದಲ್ಲಿ ಕೂರಲು ಹೆದರುತ್ತಿದ್ದದ್ದು ನಿಜ. 1982ರಲ್ಲಿ ವಡಾಲಾದಲ್ಲಿ ಗ್ಯಾಂಗಿನ ಮನ್ಯಾ ಸುರ್ವೆಯನ್ನು ಹೊಡೆದುರುಳಿಸಿದಲ್ಲಿಂದ ಶುರುವಾದ ಎನ್‌ಕೌಂಟರುಗಳ ಲೆಕ್ಕ 90ರ ಕೊನೆಗೆ ನೂರಾರಕ್ಕೆ ಹೋಯಿತು, ಫೋನ್ ಕಡಿಮೆಯಾದವು. ಆದರೆ ಅದೇ ಹೊತ್ತಿಗೆ ಇನ್ನೂ ಏನೇನೋ ಆಗುತ್ತಿತ್ತು. ಮೋಕ್ಕಾ ಬಂದು ಜಾಮೀನು ಸಿಗುವುದು ಕಷ್ಟವಾಯಿತು, ದೊಡ್ಡ ತಲೆಗಳು ದೇಶ ಬಿಟ್ಟಿದ್ದವು, ಗ್ಯಾಂಗುಗಳು ತಮ್ಮತಮ್ಮಲ್ಲೇ ಹೊಡೆದಾಡಿ ಸೊರಗಿದ್ದವು. ಯಾವುದರಿಂದ ಎಷ್ಟು ಆಯಿತು ಎಂದು ಬಿಡಿಸಿ ಹೇಳುವುದು ಸಾಧ್ಯವಿಲ್ಲ. "ಎನ್‌ಕೌಂಟರಿನಿಂದಲೇ" ಎನ್ನುವವರು ಕೂಡ ಬಿಡಿಸಿ ತೋರಿಸಿಲ್ಲ.

ಇನ್ನು ಬಂದೂಕಿನ ಅಧಿಕಾರ ಸಿಕ್ಕವರು ಏನಾದರು ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ವಾ? 2006ರ ನವೆಂಬರ್ 11ರಂದು ಲಖನ್ ಭಯ್ಯಾ ಎಂಬಾತನನ್ನು ಎತ್ತಿಕೊಂಡು ಹೋಗಿ ವರ್ಸೋವಾದಲ್ಲಿ ಕೊಂದು ಎನ್‌ಕೌಂಟರ್ ಎಂದು ತೋರಿಸಿದ ಕೇಸಿನಲ್ಲಿ 13 ಪೊಲೀಸರಿಗೆ 2013ರಲ್ಲಿ ಶಿಕ್ಷೆಯಾಯಿತು. ಆಗ ಬಿಡುಗಡೆಯಾಗಿದ್ದ, ಎನ್‌ಕೌಂಟರುಗಳಿಗೆ ಹೆಸರಾದ ಅಧಿಕಾರಿ ಪ್ರದೀಪ್ ಶರ್ಮಾ ಅವರಿಗೂ 2024ರ ಮಾರ್ಚ್ 19ರಂದು ಹೈಕೋರ್ಟ್ ಜೀವಾವಧಿ ವಿಧಿಸಿತು, ಅವರು ಸುಪ್ರೀಂ ಕೋರ್ಟಿಗೆ ಹೋಗಿದ್ದಾರೆ. ಕಾನೂನಿಲ್ಲದೆ ಕೊಲ್ಲಬಹುದು ಎಂದಾದ ಮೇಲೆ ಯಾರಿಗಾಗಿ, ಯಾರ ದುಡ್ಡಿಗಾಗಿ ಎಂದು ಕೇಳುವವರು ಉಳಿಯುವುದಿಲ್ಲ. ಹೋಟೆಲಿನವರಿಗೆ ಇದು ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗಬೇಕು. ಖಂಡಣಿ ಕೇಳುವ ಬಾಯಿ ಬದಲಾದರೆ ಲಾಭವೇನು?

ಬದ್ಲಾಪುರದಲ್ಲಿ ಜನರೇ ಸಿಹಿ ಹಂಚಿದರಲ್ಲ? ಜನರಿಗೆ ಬೇಕಾಗಿದ್ದೇ ಅದು.

ಹಂಚಿದರು, ಆರೋಪಿ ಪೊಲೀಸರ ಗುಂಡಿಗೆ ಸತ್ತ ಮೇಲೆ. 2024ರ ಆಗಸ್ಟಿನಲ್ಲಿ ಶಾಲೆಯ ಪುಟ್ಟ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ಹೊರಬಿದ್ದಾಗ ಜನ ರೈಲು ಹಳಿಯ ಮೇಲೆ ಕೂತರು. ಸಿಟ್ಟಿಗೆ ಒಂದು ದೊಡ್ಡ ಕಾರಣ, ದೂರು ಕೊಡಲು ಹೋದ ಹೆತ್ತವರನ್ನು ಠಾಣೆಯಲ್ಲಿ ಗಂಟೆಗಟ್ಟಲೆ ಕಾಯಿಸಿದ್ದು. ಸೆಪ್ಟೆಂಬರ್ 23ರಂದು ಆರೋಪಿ ಪೊಲೀಸ್ ವ್ಯಾನಿನೊಳಗೆ ಗುಂಡಿಗೆ ಸತ್ತ. ಪಿಸ್ತೂಲು ಕಿತ್ತುಕೊಂಡು ಗುಂಡು ಹಾರಿಸಿದ, ನಾವು ಪ್ರಾಣ ಉಳಿಸಿಕೊಳ್ಳಲು ಹೊಡೆದೆವು ಎಂದರು ಪೊಲೀಸರು. 2025ರ ಜನವರಿಯಲ್ಲಿ ಮ್ಯಾಜಿಸ್ಟ್ರೇಟ್ ವರದಿ ಅದನ್ನು ಒಪ್ಪಲಿಲ್ಲ, ಐವರು ಪೊಲೀಸರನ್ನು ಹೊಣೆ ಮಾಡಿತು. ಅಂದಹಾಗೆ, ಎನ್‌ಕೌಂಟರ್ ಆದಾಗ ಹೇಗೆ ತನಿಖೆ ಮಾಡಬೇಕೆಂದು ಸುಪ್ರೀಂ ಕೋರ್ಟ್ 16 ನಿಯಮ ಹಾಕಿದ್ದು 2014ರ ಸೆಪ್ಟೆಂಬರ್ 23ರಂದು, ಅದೂ ಮುಂಬೈಯ ಎನ್‌ಕೌಂಟರುಗಳ ಬಗೆಗಿನ ಕೇಸಿನಲ್ಲೇ. ಸರಿಯಾಗಿ ಹತ್ತು ವರ್ಷ.

ಸಿಹಿ ತಿಂದವರ ಮೇಲೆ ನನಗೆ ಸಿಟ್ಟಿಲ್ಲ. ಕೋರ್ಟಿನಲ್ಲಿ ಹತ್ತಿಪ್ಪತ್ತು ವರ್ಷ ಎಳೆಯುವುದನ್ನು ನೋಡಿ ಬೇಸತ್ತವರು ಅವರು. ಆದರೆ ಆ ಗುಂಡಿನಿಂದ ಹೆತ್ತವರನ್ನು ಕಾಯಿಸಿದ ಠಾಣೆ ಸುಧಾರಿಸಲಿಲ್ಲ. ಆರೋಪಿ ಸತ್ತಿದ್ದರಿಂದ ಅವನ ವಿಚಾರಣೆಯೇ ಆಗಲಿಲ್ಲ. ಶಾಲೆಯಲ್ಲಿ ಯಾರಿಗೆ ಏನು ಗೊತ್ತಿತ್ತು, ಯಾರು ಮುಚ್ಚಿಟ್ಟರು ಎಂದು ಅವನ ಬಾಯಿಂದ ಕೇಳುವ ದಾರಿಯೂ ಮುಚ್ಚಿತು.

ಜನ ದೂರು ಕೊಡದಿದ್ದರೆ ನಿಜವಾಗಿ ಅಪರಾಧ ಜಾಸ್ತಿ ಆಗುತ್ತಾ? ಸುಮ್ನೆ ಬಾಯಿಮಾತಾ ಅಥವಾ ಲೆಕ್ಕ ಇದೆಯಾ?

ಅಮೆರಿಕದ ಮಿಲ್ವಾಕಿ ನಗರದಲ್ಲಿ 2004ರಲ್ಲಿ ಪೊಲೀಸರು ಒಬ್ಬ ಕಪ್ಪು ಯುವಕನನ್ನು ಹಿಗ್ಗಾಮುಗ್ಗಾ ಬಡಿದರು. ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲಿನ ಒಂದು ವರ್ಷದಲ್ಲಿ ತುರ್ತು ಸಂಖ್ಯೆಗೆ ಸುಮಾರು 22,000 ಕರೆ ಕಡಿಮೆ ಬಂದವು, ಅದೂ ಹೆಚ್ಚಾಗಿ ಕಪ್ಪು ಜನರ ಬಡಾವಣೆಗಳಿಂದ, ಎಂದು 2016ರಲ್ಲಿ ಮೂವರು ಸಮಾಜಶಾಸ್ತ್ರಜ್ಞರು ಲೆಕ್ಕ ಹಾಕಿದರು. ಆ ಲೆಕ್ಕ ನಿಲ್ಲುವುದಿಲ್ಲ ಎಂದು 2020ರಲ್ಲಿ ಇನ್ನೊಬ್ಬ ಸಂಶೋಧಕ ವಾದಿಸಿದ. ಅಂದರೆ ಅಂಕಿಗಳ ಜಗಳ ಮುಗಿದಿಲ್ಲ, "ಅಧ್ಯಯನದಿಂದ ಸಾಬೀತಾಗಿದೆ" ಎಂದು ವಾಟ್ಸಾಪಿನಲ್ಲಿ ಹಾಕಬೇಡಿ.

ನಮ್ಮಲ್ಲಿ ಇದನ್ನು ಅಳೆಯುವುದು ಇನ್ನೂ ಕಷ್ಟ, ಏಕೆಂದರೆ ದೂರು ಕೊಡದಿದ್ದರೆ ಅಪರಾಧ ನಡೆದೇ ಇಲ್ಲ ಎಂದು ಲೆಕ್ಕ. ಠಾಣೆಯ ಅಂಕಿ ಕಡಿಮೆ ಕಂಡರೆ ಅಲ್ಲಿ ಅಪರಾಧ ಕಡಿಮೆ ಇರಬಹುದು, ಜನ ಬರುವುದನ್ನೇ ಬಿಟ್ಟಿರಲೂಬಹುದು, ಅಥವಾ ಎಫ್‌ಐಆರ್ ಬದಲು ಎನ್‌ಸಿ (ಪೊಲೀಸರು ತಾವಾಗಿ ತನಿಖೆ ಮಾಡದ ಸಣ್ಣ ಅಪರಾಧದ ದಾಖಲೆ) ಬರೆದು ಕಳಿಸುತ್ತಿರಬಹುದು. ಗಂಡ ಹೊಡೆದ ಎಂದು ಹೋದವಳಿಗೆ ಒಂದು ಎನ್‌ಸಿ ಚೀಟಿ ಕೊಟ್ಟು ಕಳಿಸಿದ್ದನ್ನು ನೀವೂ ನೋಡಿರುತ್ತೀರಿ. ಗಂಭೀರ ಅಪರಾಧದ ದೂರಿಗೆ ಎಫ್‌ಐಆರ್ ಕಡ್ಡಾಯ ಎಂದು ಲಲಿತಾ ಕುಮಾರಿ ಕೇಸಿನಲ್ಲಿ 2013ರಲ್ಲೇ ತೀರ್ಪಾಗಿದೆ.

ಹೊಡೆಯದೆ, ಜನರನ್ನು ಜೊತೆಗಿಟ್ಟುಕೊಂಡು ಗೆದ್ದ ಉದಾಹರಣೆ ನಮ್ಮ ಕಡೆ ಇದೆಯಾ?

ಇದೆ, ಥಾಣೆಯ ಪಕ್ಕದಲ್ಲೇ. ಭಿವಂಡಿಯಲ್ಲಿ 1970 ಮತ್ತು 1984ರಲ್ಲಿ ಭೀಕರ ಗಲಭೆಗಳಾಗಿದ್ದವು. 1988ರ ಹೊತ್ತಿಗೆ ಅಲ್ಲಿಗೆ ಡಿಸಿಪಿಯಾಗಿ ಬಂದ ಸುರೇಶ್ ಖೋಪಡೆ ಮೊಹಲ್ಲಾ ಕಮಿಟಿಗಳನ್ನು ಕಟ್ಟಿದರು. ಬರೀ ಊರ ದೊಡ್ಡವರನ್ನು ಕೂರಿಸಿ ಫೋಟೊ ತೆಗೆಸುವ ಶಾಂತಿಸಭೆಯಲ್ಲ ಅದು. ಮಗ್ಗದವರು, ಅಂಗಡಿಯವರು, ಕೂಲಿಗಳು, ಎರಡೂ ಧರ್ಮದವರು ಬೀಟ್ ಪೊಲೀಸರ ಜೊತೆ ಕೂತು ನಲ್ಲಿ ಜಗಳದಂಥ ಸಣ್ಣ ತಕರಾರನ್ನೂ ಅಲ್ಲೇ ಬಗೆಹರಿಸಿಕೊಳ್ಳುತ್ತಿದ್ದರು. ಹಾಗಾಗಿ ಪೊಲೀಸರಿಗೆ ಯಾವ ಗಲ್ಲಿಯಲ್ಲಿ ಹೊಗೆ ಏಳುತ್ತಿದೆ ಎಂದು ಮೊದಲೇ ಗೊತ್ತಾಗುತ್ತಿತ್ತು. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಮುಂಬೈ ಹೊತ್ತಿ ಉರಿದಾಗ ಭಿವಂಡಿ ತಣ್ಣಗಿತ್ತು. ಅದನ್ನು ನೋಡಿಯೇ ಮುಂದೆ ಮುಂಬೈಯಲ್ಲೂ ಹಿಂದಿನ ಕಮಿಷನರ್ ಜೂಲಿಯೊ ರಿಬೆರೊ, ಸಮಾಜ ಕಾರ್ಯಕರ್ತೆ ಸುಶೋಭಾ ಬರ್ವೆ, ಆಗಿನ ಕಮಿಷನರ್ ಸತೀಶ್ ಸಾಹ್ನಿ ಸೇರಿ ಮೊಹಲ್ಲಾ ಕಮಿಟಿ ಚಳವಳಿ ಶುರು ಮಾಡಿದರು. ಅದೇ ಗಲಭೆಯಲ್ಲಿ ಮುಂಬೈ ಪೊಲೀಸರು ಹೇಗೆ ನಡೆದುಕೊಂಡರು ಎಂಬುದನ್ನು ಗಲಭೆಯ ವಿಚಾರಣೆ ಮಾಡಿದ ಶ್ರೀಕೃಷ್ಣ ಆಯೋಗದ ವರದಿ ಬಿಡಿಬಿಡಿಯಾಗಿ ಹೇಳಿದೆ.

## ಮೈಮೇಲೆ ಬಂದಾಗ

ಪೊಲೀಸರು ಹೊಡೆಯುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಬಹುದಾ? ಮೊಬೈಲ್ ಕಿತ್ತುಕೊಳ್ಳುತ್ತಾರಲ್ಲ?

ಮಾಡಬಹುದು. ಠಾಣೆಯೊಳಗಿನ ವಿಡಿಯೊ ಕೂಡ ಅಧಿಕೃತ ರಹಸ್ಯ ಕಾಯ್ದೆಯಡಿ ಅಪರಾಧವಲ್ಲ, ಠಾಣೆ ಆ ಕಾಯ್ದೆಯ "ನಿಷೇಧಿತ ಜಾಗ"ಗಳ ಪಟ್ಟಿಯಲ್ಲಿ ಇಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಹೇಳಿದೆ. ಆದರೆ ಕೆಲಸಕ್ಕೆ ಅಡ್ಡಿ ಎಂದು ಬೇರೆ ಕಲಮು ಹಾಕಲು ನೋಡುತ್ತಾರೆ. ಆದ್ದರಿಂದ ದೂರದಿಂದ ತೆಗೆಯಿರಿ, ನಡುವೆ ನುಗ್ಗಬೇಡಿ, ತೆಗೆದ ತಕ್ಷಣ ಇನ್ನೊಬ್ಬರಿಗೆ ಕಳಿಸಿ. 2021ರ ಕೊನೆಯಲ್ಲಿ ಸಾಂತಾಕ್ರೂಜ್ ಕಡೆ ಹೊತ್ತು ಮೀರಿ ಬಂದ ಅಧಿಕಾರಿಗೆ ಊಟ ಇಲ್ಲ ಎಂದ ಕ್ಯಾಶಿಯರ್‌ಗೆ ಏಟು ಬಿದ್ದಾಗ, ಹೋಟೆಲಿನ ಸಿಸಿಟಿವಿ ಇದ್ದದ್ದರಿಂದಲೇ ವಿಷಯ ಹೊರಬಂದು ಕ್ರಮವಾಯಿತು.

ಠಾಣೆಯಲ್ಲಿ ಹೊಡೆದರು. ಈಗ ಬಿಟ್ಟಿದ್ದಾರೆ. ಯಾರಿಗೆ ಹೇಳೋದು, ಏನು ಮಾಡೋದು?

ಮೊದಲು ಸರಕಾರಿ ಆಸ್ಪತ್ರೆ. ಅದೇ ದಿನ. "ಬಿದ್ದೆ" ಎಂದು ಹೇಳಬೇಡಿ, ಯಾರು ಹೊಡೆದರು ಎಂದು ಹೇಳಿ, ಎಂಎಲ್‌ಸಿ (ಕಾನೂನಿಗೆ ಬೇಕಾದ ಗಾಯದ ವೈದ್ಯಕೀಯ ದಾಖಲೆ) ಮಾಡಿಸಿ. ಗಾಯದ ಫೋಟೊ ತೆಗೆದಿಡಿ. ಇನ್ನೂ ಕಸ್ಟಡಿಯಲ್ಲಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಬಾಯಿಬಿಟ್ಟು ಹೇಳಬೇಕು. "ಪೊಲೀಸರ ವಿರುದ್ಧ ತಕರಾರು ಇದೆಯಾ?" ಎಂದು ಕೇಳಿದಾಗ ಹೆದರಿ ಇಲ್ಲ ಎಂದವರ ಕೇಸು ಅಲ್ಲೇ ಅರ್ಧ ಸತ್ತ ಹಾಗೆ.

ಎರಡನೆಯದು ಸಿಸಿಟಿವಿ. ಪ್ರತಿ ಠಾಣೆಯಲ್ಲೂ ಲಾಕಪ್, ವರಾಂಡ, ಬಾಗಿಲು ಎಲ್ಲ ಕಡೆ ಕ್ಯಾಮೆರಾ ಇರಬೇಕು, 18 ತಿಂಗಳ ರೆಕಾರ್ಡಿಂಗ್ ಉಳಿಸಬೇಕು, ಆಗದಿದ್ದರೆ ಕನಿಷ್ಠ ಒಂದು ವರ್ಷ ಎಂದು ಪರಮ್‌ವೀರ್ ಸಿಂಗ್ ಸೈನಿ ಕೇಸಿನಲ್ಲಿ 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. "ಕ್ಯಾಮೆರಾ ಕೆಟ್ಟಿತ್ತು" ಎಂಬ ಉತ್ತರ ಎಷ್ಟು ಮಾಮೂಲು ಎಂದರೆ 2025ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟ್ ತಾನಾಗಿಯೇ ಕೇಸು ತೆಗೆದುಕೊಳ್ಳಬೇಕಾಯಿತು. ಹಾಗಾಗಿ ಆ ದಿನದ ದೃಶ್ಯ ಅಳಿಸಬೇಡಿ ಎಂದು ತಕ್ಷಣ ಲಿಖಿತವಾಗಿ ಕೊಡಿ.

ದೂರು ಮುಂಬೈಯಲ್ಲಾದರೆ ಆ ವಲಯದ ಡಿಸಿಪಿಗೆ ಸ್ಪೀಡ್ ಪೋಸ್ಟಿನಲ್ಲಿ. ಅಲ್ಲಿ ಏನೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ. ಜೊತೆಗೆ ರಾಜ್ಯ ಮಾನವ ಹಕ್ಕುಗಳ ಆಯೋಗ, ಅದಕ್ಕೆ ಘಟನೆಯಾದ ಒಂದು ವರ್ಷದೊಳಗೆ ಹೋಗಬೇಕು. ಮಹಾರಾಷ್ಟ್ರ ಪೊಲೀಸ್ ದೂರು ಪ್ರಾಧಿಕಾರವೂ ಇದೆ, ಗೋವಾದಲ್ಲೂ ಒಂದಿದೆ. 2006ರ ಪ್ರಕಾಶ್ ಸಿಂಗ್ ತೀರ್ಪಿನ ಫಲ ಇವು. ಶಿಫಾರಸು ಮಾಡುವುದಷ್ಟೇ ಇವುಗಳ ಕೈಲಿರುವುದು, ದೊಡ್ಡ ಆಸೆ ಬೇಡ. ಆದರೂ ಒಂದು ದೂರು ಸಂಖ್ಯೆ ಕಡತದಲ್ಲಿದ್ದರೆ ಎರಡನೇ ಸಲ ನಿಮ್ಮ ಮೈಮುಟ್ಟುವ ಮುಂಚೆ ಯೋಚಿಸುತ್ತಾರೆ.

ನನಗೆ ಮರಾಠಿ ಓದಲು ಬರಲ್ಲ. ಏನೋ ಬರೆದು ಸಹಿ ಹಾಕು ಅಂದರೆ?

ಹಾಕಬೇಡಿ. ತನಿಖೆಯ ವೇಳೆ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಬೇಡವೇ ಬೇಡ, ಕಾನೂನೇ ಹಾಗಿದೆ. ನೀವೇ ಕೊಟ್ಟ ಎಫ್‌ಐಆರ್‌ಗೆ ಸಹಿ ಬೇಕು, ಆದರೆ ಓದಿ ಹೇಳಿಸಿಕೊಂಡ ಮೇಲೆ. ಅದರ ಪ್ರತಿ ಉಚಿತ. ಖಾಲಿ ಹಾಳೆಗೆ ಯಾವ ಕಾರಣಕ್ಕೂ ಇಲ್ಲ. 2025ರ ನವೆಂಬರಿನಲ್ಲಿ, ಮುಂಬೈಯದೇ ಒಂದು ಕೇಸಿನಲ್ಲಿ, ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಕನ್ನಡ ಮಾತ್ರ ಬಲ್ಲವನಿಗೆ ಕನ್ನಡದಲ್ಲೇ. ಕೇಳಿ ಪಡೆಯಿರಿ.

ನಮ್ಮ ಹೋಟೆಲಿಂದ ಠಾಣೆಗೆ ಪಾರ್ಸಲ್ ಹೋಗುತ್ತೆ, ಸಂಬಂಧ ಚೆನ್ನಾಗಿದೆ. ಇದೆಲ್ಲ ನಮಗ್ಯಾಕೆ?

ನಿಮ್ಮ ಸಂಬಂಧ ಆ ಸಾಹೇಬರ ಬದಲಿಯ ತನಕ. ಮುಂದೆ ಬರುವವರು ಹೊಸ ಲೆಕ್ಕ ತೆಗೆಯುತ್ತಾರೆ. ಇನ್ನೊಂದು, ನೀವು ಪಾರ್ಸಲ್ ಕಳಿಸುವ ಠಾಣೆಯಲ್ಲೇ ನಿಮ್ಮ ಅಡುಗೆಮನೆಯ ಹುಡುಗ ಏಟು ತಿಂದು ಬಂದರೆ ಅವನು ನಿಮಗೂ ಹೇಳುವುದಿಲ್ಲ. ಪಂಚನಾಮೆಗೆ ಪಂಚರಾಗಿ ನಿಮ್ಮ ವೇಟರುಗಳನ್ನೇ ಕರೆಯುತ್ತಾರಲ್ಲ, ನೋಡದ್ದನ್ನು ನೋಡಿದೆ ಎಂದು ಸಹಿ ಹಾಕಿದ ಹುಡುಗ ನಾಲ್ಕು ವರ್ಷದ ಮೇಲೆ ಕೋರ್ಟಿನಲ್ಲಿ ತಡವರಿಸುತ್ತಾನೆ, ನಿಜವಾದ ಕಳ್ಳ ಹೊರಗೆ ಹೋಗುತ್ತಾನೆ.

## ಸ್ವಲ್ಪ ಆಳದ ಪ್ರಶ್ನೆಗಳು

ಕೆಲವು ಜಾತಿಯವರನ್ನೇ ಮೊದಲು ಹಿಡೀತಾರೆ ಅನ್ನೋದು ನಿಜಾನಾ?

ನಿಜ, ಅದಕ್ಕೆ ಇತಿಹಾಸವೂ ಇದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟಾ ಕಳ್ಳರು ಎಂದು ಬರೆಯಿತು. ಸೊಲ್ಲಾಪುರದಲ್ಲಿ ತಂತಿಬೇಲಿ ಹಾಕಿ ಅವರನ್ನು ಕೂಡಿಟ್ಟ ಜಾಗಕ್ಕೆ ಈಗಲೂ ಸೆಟ್ಲಮೆಂಟ್ ಎಂದೇ ಹೆಸರು. 1952ರಲ್ಲಿ ಕಾಯ್ದೆ ಹೋಯಿತು, ಠಾಣೆಯ ನೆನಪು ಹೋಗಲಿಲ್ಲ. ಪಾರ್ಧಿಗಳು, ನಾವು ಕೊರಮರು ಎನ್ನುವ ಕೈಕಾಡಿಗಳು ಇವತ್ತಿಗೂ ಎಲ್ಲೇ ಕಳವಾದರೂ ಮೊದಲು ಗಂಟುಮೂಟೆ ಕಟ್ಟುತ್ತಾರೆ. 2024ರ ಡಿಸೆಂಬರಿನಲ್ಲಿ ಪರ್ಭಣಿಯಲ್ಲಿ ಸಂವಿಧಾನದ ಪ್ರತಿಕೃತಿಗೆ ಹಾನಿಯಾದ ಮೇಲಿನ ಗಲಾಟೆಯಲ್ಲಿ ಬಂಧಿತನಾಗಿ ಕಸ್ಟಡಿಯಲ್ಲಿ ಸತ್ತವನು ವಡ್ಡರ ಸಮುದಾಯದ ಒಬ್ಬ ಕಾನೂನು ವಿದ್ಯಾರ್ಥಿ. ಪೊಲೀಸರ ಮೇಲೆ ಎಫ್‌ಐಆರ್ ಹಾಕಲು ಹೈಕೋರ್ಟ್ 2025ರ ಜುಲೈಯಲ್ಲಿ ಹೇಳಬೇಕಾಯಿತು.

ಹೆಸರು ಕೇಳಿ ಹಿಡಿಯುವ ತನಿಖೆ ಸೋಮಾರಿ ತನಿಖೆ. ಆ ಹೆಸರಿನವರಲ್ಲದ ಕಳ್ಳನಿಗೆ ಅದರಷ್ಟು ಅನುಕೂಲ ಬೇರಿಲ್ಲ.

ಪೊಲೀಸರ ಕಷ್ಟ ಯಾರು ಕೇಳ್ತಾರೆ? ಅವರಿಗೂ ಮನುಷ್ಯರ ಹಾಗೆ ನಿದ್ದೆ ಬೇಡ್ವಾ?

ಬೇಕು, ಖಂಡಿತ. ಹನ್ನೆರಡು ಗಂಟೆ ಡ್ಯೂಟಿ, ಹಬ್ಬಕ್ಕೆ ರಜೆ ಇಲ್ಲ, ಒದ್ದೆ ಗೋಡೆಯ ಕ್ವಾರ್ಟರ್ಸ್, ಮೇಲಿನವರ ಬೈಗುಳ. 2016ರಲ್ಲಿ ದೇವನಾರ್ ಠಾಣೆಯಲ್ಲಿ ಎಂಟು ಗಂಟೆಯ ಪಾಳಿ ಪ್ರಯೋಗ ಶುರುವಾಗಿ ಮುಂದೆ ಬೇರೆ ಠಾಣೆಗಳಿಗೂ ಬಂತು, ಅದರ ಯೋಚನೆ ಕೊಟ್ಟವರು ಅಲ್ಲಿನ ಒಬ್ಬ ಕಾನ್‌ಸ್ಟೇಬಲ್. ಸಿಬ್ಬಂದಿ ಸಾಲದೆ ಅದು ಎಲ್ಲೆಡೆ ನಿಲ್ಲಲಿಲ್ಲ. ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು 2025ರಲ್ಲಿ ಹೊರತಂದ ಸಮೀಕ್ಷೆಯಲ್ಲಿ 16 ರಾಜ್ಯಗಳ ಮತ್ತು ದೆಹಲಿಯ ಎಂಟು ಸಾವಿರಕ್ಕೂ ಹೆಚ್ಚು ಪೊಲೀಸರನ್ನು ಮಾತಾಡಿಸಿದ್ದರು. ಅಪಾಯಕಾರಿ ಅಪರಾಧಿಗಳಿಗೆ ವಿಚಾರಣೆಗಿಂತ ಕೊಲ್ಲುವುದೇ ಸರಿ ಎಂದವರು 22 ಶೇಕಡಾ. ಅಂದರೆ ಐವರಲ್ಲಿ ಹೆಚ್ಚುಕಡಿಮೆ ನಾಲ್ವರು ಹಾಗೆ ಹೇಳಲಿಲ್ಲ, ಅದನ್ನೂ ಗಮನಿಸಿ. "ನಾಳೆಯೊಳಗೆ ಕೇಸ್ ಒಡೆಯಬೇಕು" ಎಂದು ಮೇಲಿಂದ ಒತ್ತಡ, ಕೆಳಗೆ ವಿಧಿವಿಜ್ಞಾನದ ವರದಿಗೆ ತಿಂಗಳುಗಟ್ಟಲೆ ಕಾಯುವ ಪಾಡು. ಆಗ ಲಾಠಿ ಅಗ್ಗದ ಉಪಕರಣವಾಗಿ ಕಾಣುತ್ತದೆ. ಇದು ವಿವರಣೆ, ವಿನಾಯಿತಿ ಅಲ್ಲ. ಇಡೀ ರಾತ್ರಿ ನಿದ್ದೆಗೆಟ್ಟ ಬಸ್ ಡ್ರೈವರ್ ಪ್ರಯಾಣಿಕರಿಗೆ ಹೊಡೆದರೆ ನಾವು ಒಪ್ಪುತ್ತೇವಾ?

ಪೊಲೀಸರಿಗೆ ಶಿಕ್ಷೆ ಆಗಿದ್ದು ಇದೆಯಾ? ಸಸ್ಪೆಂಡ್ ಆಗಿ ವಾಪಸ್ ಬರ್ತಾರೆ ಅಷ್ಟೇ ತಾನೇ?

ಎರಡೂ ಇದೆ. 1997ರ ಜುಲೈ 11ರಂದು ಘಾಟ್‌ಕೋಪರ್‌ನ ರಮಾಬಾಯಿ ಅಂಬೇಡ್ಕರ್ ನಗರದಲ್ಲಿ ರಾಜ್ಯ ಮೀಸಲು ಪೊಲೀಸ್ ಪಡೆಯ (ಎಸ್‌ಆರ್‌ಪಿಎಫ್) ಗುಂಡಿಗೆ 10 ದಲಿತರು ಸತ್ತರು. ಗುಂಡಿಗೆ ಆದೇಶ ಕೊಟ್ಟ ಸಬ್ ಇನ್‌ಸ್ಪೆಕ್ಟರ್‌ಗೆ ಜೀವಾವಧಿಯಾದದ್ದು 2009ರಲ್ಲಿ. ಇನ್ನೊಂದು ಕಡೆ 2002ರ ಘಾಟ್‌ಕೋಪರ್ ಸ್ಫೋಟದ ಕೇಸಿನಲ್ಲಿ ಹಿಡಿದ ಖ್ವಾಜಾ ಯೂನುಸ್ ಎಂಬ ಇಂಜಿನಿಯರ್ 2003ರ ಜನವರಿಯಲ್ಲಿ ಕಸ್ಟಡಿಯಿಂದ "ತಪ್ಪಿಸಿಕೊಂಡ" ಎಂದರು, ಕಸ್ಟಡಿ ಸಾವು ಎಂದು ಕೇಸಾಯಿತು. ಅಮಾನತಾಗಿದ್ದ ನಾಲ್ವರು 2020ರ ಜೂನಿನಲ್ಲಿ ಕೆಲಸಕ್ಕೆ ಮರಳಿದರು. ಅವರಲ್ಲೊಬ್ಬರಾದ ಸಚಿನ್ ವಾಝೆಯನ್ನು ಮರುವರ್ಷದ ಮಾರ್ಚಿನಲ್ಲಿ ಅಂಬಾನಿ ಮನೆಯ ಹತ್ತಿರ ಸ್ಫೋಟಕವಿದ್ದ ಕಾರು ಸಿಕ್ಕ ಕೇಸಿನಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆ ಎನ್‌ಐಎ ಬಂಧಿಸಿತು.

ತಡವಾಗಲು ಒಂದು ಕಾರಣ, ಪೊಲೀಸರ ಮೇಲೆ ಕೇಸು ನಡೆಸಲು ಬೇಕಾದ ಸರಕಾರದ ಪೂರ್ವಾನುಮತಿ. ಬಿಎನ್‌ಎಸ್‌ಎಸ್ 218ನೇ ಕಲಮಿನಲ್ಲಿ 120 ದಿನದೊಳಗೆ ಸರಕಾರ ತೀರ್ಮಾನ ಮಾಡದಿದ್ದರೆ ಅನುಮತಿ ಸಿಕ್ಕಂತೆ ಎಂದಿದೆ. ಇದನ್ನು ವಕೀಲರಿಗೆ ನೆನಪಿಸಿ, ಹಳೆಯ ರೂಢಿಯಲ್ಲಿ ಮರೆಯುತ್ತಾರೆ.

ಮೊಹಲ್ಲಾ ಕಮಿಟಿಯಂಥದ್ದನ್ನು ನಮ್ಮ ಚಾಳಿನಲ್ಲಿ, ಸಂಘದಲ್ಲಿ ಶುರು ಮಾಡಬಹುದಾ?

ಮಾಡಬಹುದು, ಯಾರ ಅನುಮತಿಯೂ ಬೇಡ. ನಿಮ್ಮ ಬೀಟ್ ಅಧಿಕಾರಿಯ ಹೆಸರು ತಿಳಿದುಕೊಳ್ಳಿ, ತಿಂಗಳಿಗೊಮ್ಮೆ ಕರೆಯಿರಿ. ಸನ್ಮಾನ, ಶಾಲು, ಹಾರ ಬೇಡ, ಅದೆಲ್ಲ ಶುರುವಾದರೆ ಮಾತು ನಿಲ್ಲುತ್ತದೆ. ಕರಾವಳಿಯವರಷ್ಟೇ ಕೂರಬೇಡಿ. ನಾಕಾದ ಮುಕದ್ದಮ (ಕೂಲಿಗಳ ಮೇಸ್ತ್ರಿ), ಮನೆಗೆಲಸದ ಹೆಂಗಸರು, ಹೋಟೆಲಿನ ಹುಡುಗರ ಪೈಕಿ ಒಬ್ಬ ಇರಲೇಬೇಕು, ಏಟು ತಿನ್ನುವವರು ಅವರೇ. ಹೊಸದಾಗಿ ಬಂದ ಬಾಡಿಗೆದಾರರ ಪರಿಶೀಲನೆ ಫಾರ್ಮನ್ನು ಸಂಘದವರೇ ತುಂಬಿಸಿಕೊಡಿ, ಕಾಗದವಿಲ್ಲ ಎಂಬ ನೆಪ ತಪ್ಪುತ್ತದೆ. ಯಾರನ್ನಾದರೂ ರಾತ್ರಿ ಎತ್ತಿಕೊಂಡು ಹೋದರೆ ಠಾಣೆಗೆ ಹೋಗಲು ಮರಾಠಿ ಬಲ್ಲ ಇಬ್ಬರ ಫೋನ್ ಸಂಖ್ಯೆ ಎಲ್ಲರ ಹತ್ತಿರ ಇರಲಿ. ಸಭೆಯಲ್ಲಿ ಅಧಿಕಾರಿ ಒಪ್ಪಿಕೊಂಡದ್ದನ್ನು ಒಂದು ಹಾಳೆಯಲ್ಲಿ ಮರಾಠಿಯಲ್ಲಿ ಬರೆದು ಮರುದಿನ ಠಾಣೆಗೆ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.